ಇರುಳಿಡೀ ಓಡಿದ ಮೂರು ಕ್ಯಾಮೆರಾಗಳನ್ನು ಒಂದೇ ಗೆರೆಗೆ ತರುವ ಲೆಕ್ಕ: ಟೈಮ್‌ಕೋಡ್ ಮತ್ತು ಫ್ರೇಮ್ ಸಂಖ್ಯೆ

ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟವೊಂದನ್ನು ಮೂರು ಕ್ಯಾಮೆರಾಗಳಿಂದ ಚಿತ್ರೀಕರಿಸಿ, ಹಿಮ್ಮೇಳದ ಧ್ವನಿಯನ್ನು ಬೇರೆಯೇ ರೆಕಾರ್ಡರ್‌ನಲ್ಲಿ ಮುದ್ರಿಸಿಕೊಂಡರೆ, ಬೆಳಗಾಗುವ ಹೊತ್ತಿಗೆ ಸಂಕಲನಕಾರನ ಕೈಗೆ ಹತ್ತಾರು ಫೈಲುಗಳು ಬಂದು ಬೀಳುತ್ತವೆ. ಒಂದು ಕ್ಯಾಮೆರಾ ಪೂರ್ವರಂಗದಿಂದಲೇ ಓಡುತ್ತಿರುತ್ತದೆ, ಇನ್ನೊಂದು ಬ್ಯಾಟರಿ ಬದಲಿಸಲು ನಡುನಡುವೆ ನಿಂತಿರುತ್ತದೆ, ಮೂರನೆಯದು ಚೌಕಿಗೆ ಹೋಗಿ ಬಣ್ಣ ಹಚ್ಚುವುದನ್ನು ತೆಗೆದು ಮತ್ತೆ ರಂಗಸ್ಥಳದ ಮುಂದಕ್ಕೆ ಬಂದಿರುತ್ತದೆ. ಈ ಫೈಲುಗಳಲ್ಲಿ ಯಾವುದಕ್ಕೂ ಇನ್ನೊಂದರ ಪರಿಚಯವಿಲ್ಲ. ಚೆಂಡೆಯ ಮೇಲೆ ಕೋಲು ಬಿದ್ದ ಒಂದೇ ಗಳಿಗೆಯನ್ನು ನಾಲ್ಕೂ ಫೈಲುಗಳಲ್ಲಿ ಹುಡುಕಿ ಒಂದರ ಕೆಳಗೊಂದನ್ನು ತಂದಿಡುವ ಕೆಲಸವನ್ನೇ ಸಂಕಲನದಲ್ಲಿ ಸಿಂಕ್ ಮಾಡುವುದು ಎನ್ನುತ್ತಾರೆ. ಕಣ್ಣಳತೆಯಿಂದಲೂ ಇದನ್ನು ಮಾಡಬಹುದು, ಆದರೆ ಎಂಟು ಗಂಟೆಗಳ ಆಟಕ್ಕೆ ಕಣ್ಣಳತೆ ಸಾಲುವುದಿಲ್ಲ.

ಈ ಕೆಲಸದಲ್ಲಿ ಎದುರಾಗುವ ಹೆಚ್ಚಿನ ಗೊಂದಲಗಳು ಮೂರು ಬೇರೆ ಸಂಗತಿಗಳನ್ನು ಒಂದೆಂದು ಭಾವಿಸುವುದರಿಂದ ಹುಟ್ಟುತ್ತವೆ. ಮೊದಲನೆಯದು ಫ್ರೇಮ್ ಸಂಖ್ಯೆ, ಅಂದರೆ ಕ್ಲಿಪ್ಪಿನಲ್ಲಿ ಇದು ಎಷ್ಟನೆಯ ಚಿತ್ರ ಎಂಬ ಬರಿಯ ಎಣಿಕೆ. ಎರಡನೆಯದು ಟೈಮ್‌ಕೋಡ್, ಅಂದರೆ ಆ ಚಿತ್ರಕ್ಕೆ ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಎಂಬ ನಾಲ್ಕು ಜೋಡಿ ಅಂಕಿಗಳಲ್ಲಿ ಅಂಟಿಸಿದ ಹೆಸರು. ಮೂರನೆಯದು ಗೋಡೆಯ ಗಡಿಯಾರದಲ್ಲಿ ನಿಜವಾಗಿ ಕಳೆದ ಕಾಲ. ಟೈಮ್‌ಕೋಡ್ ನೋಡಲು ಗಡಿಯಾರದಂತೆಯೇ ಇರುವುದರಿಂದ ಅದನ್ನೇ ಕಾಲವೆಂದು ನಂಬುವುದು ಸುಲಭ. ಆದರೆ ಅದು ಕಾಲವನ್ನು ಅಳೆಯುವುದಿಲ್ಲ, ಚಿತ್ರಗಳನ್ನು ಗುರುತಿಸುತ್ತದೆ.

ಭಾರತದಲ್ಲಿ ದೂರದರ್ಶನದ ಕಾಲದಿಂದ ಬಂದ ರೂಢಿಯಂತೆ ವೀಡಿಯೊ ಸೆಕೆಂಡಿಗೆ 25 ಫ್ರೇಮುಗಳ ವೇಗದಲ್ಲಿ ಓಡುತ್ತದೆ. ಅಂದರೆ ಒಂದು ಫ್ರೇಮಿನ ಆಯುಷ್ಯ 40 ಮಿಲಿಸೆಕೆಂಡ್. ನಮ್ಮ ವಿದ್ಯುತ್ 50 ಹರ್ಟ್ಸ್ ಆಗಿರುವುದರಿಂದ, ಹಳೆಯ ಟ್ಯೂಬ್‌ಲೈಟುಗಳ ಕೆಳಗೆ ಚಿತ್ರ ಮಿನುಗದಿರಲು ಇಂದಿಗೂ ಈ ವೇಗವೇ ಅನುಕೂಲ. 25ರ ಲೆಕ್ಕದಲ್ಲಿ ಫ್ರೇಮಿನ ಜಾಗದ ಅಂಕಿ 00ಯಿಂದ 24ರವರೆಗೆ ಹೋಗಿ ಮತ್ತೆ 00ಗೆ ಮರಳುತ್ತದೆ. 25 ಎಂಬ ಅಂಕಿ ಅಲ್ಲಿ ಎಂದೂ ಕಾಣುವುದಿಲ್ಲ. ಹೆಸರಿನಿಂದ ಎಣಿಕೆಗೆ ಹೋಗಲು ಗಂಟೆ, ನಿಮಿಷ, ಸೆಕೆಂಡುಗಳನ್ನೆಲ್ಲ ಸೆಕೆಂಡಿಗೆ ತಂದು, 25ರಿಂದ ಗುಣಿಸಿ, ಉಳಿದ ಫ್ರೇಮುಗಳನ್ನು ಕೂಡಿಸಿದರಾಯಿತು. 01:02:03:04 ಎಂದರೆ 3,723 ಸೆಕೆಂಡು ಮತ್ತು 4 ಫ್ರೇಮು, ಅಂದರೆ 93,079ನೆಯ ಫ್ರೇಮ್. ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು.

ಇಷ್ಟು ಸುತ್ತಿ ಬಳಸುವುದೇಕೆ ಎಂದರೆ, ಟೈಮ್‌ಕೋಡ್‌ಗಳನ್ನು ನೇರವಾಗಿ ಕಳೆಯಲು ಹೋದಾಗ ಒಂದು ಜಾಗದಲ್ಲಿ 25ರ ಸಾಲ, ಇನ್ನೆರಡು ಜಾಗಗಳಲ್ಲಿ 60ರ ಸಾಲ ತೆಗೆಯಬೇಕಾಗಿ ಬಂದು ಕೈ ತಪ್ಪುತ್ತದೆ. ಫ್ರೇಮ್ ಸಂಖ್ಯೆಗೆ ಇಳಿಸಿಕೊಂಡರೆ ಅದು ಪ್ರಾಥಮಿಕ ಶಾಲೆಯ ವ್ಯವಕಲನ. ನಮ್ಮ ಆಟದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೊದಲ ಕ್ಯಾಮೆರಾದ ಕ್ಲಿಪ್ 21:30:12:10ಕ್ಕೆ, ಎರಡನೆಯದರ ಕ್ಲಿಪ್ 21:34:47:03ಕ್ಕೆ ಆರಂಭವಾಗಿದೆ ಎಂದುಕೊಂಡರೆ, ಮೊದಲನೆಯದು 19,35,310ನೆಯ ಫ್ರೇಮ್, ಎರಡನೆಯದು 19,42,178ನೆಯ ಫ್ರೇಮ್. ವ್ಯತ್ಯಾಸ 6,868 ಫ್ರೇಮು. ಟೈಮ್‌ಲೈನಿನಲ್ಲಿ, ಅಂದರೆ ತಂತ್ರಾಂಶದಲ್ಲಿ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ, ಮೊದಲ ಕ್ಲಿಪ್ಪನ್ನು ಸೊನ್ನೆಯಲ್ಲಿಟ್ಟು ಎರಡನೆಯದನ್ನು 6,868ನೆಯ ಫ್ರೇಮಿನಲ್ಲಿ, ಅಂದರೆ 00:04:34:18ರಲ್ಲಿ ಇಟ್ಟರೆ ಎರಡೂ ಒಂದೇ ಗಳಿಗೆಯನ್ನು ತೋರಿಸುತ್ತವೆ.

ಹಾಗೆ ತೋರಿಸಬೇಕಾದರೆ ಒಂದು ಷರತ್ತಿದೆ: ಎರಡೂ ಕ್ಯಾಮೆರಾಗಳ ಟೈಮ್‌ಕೋಡ್ ಒಂದೇ ಮೂಲದಿಂದ ಹೊರಟಿರಬೇಕು. ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಎರಡು ಆಯ್ಕೆಗಳಿರುತ್ತವೆ. ರೆಕ್ ರನ್ ಇಟ್ಟರೆ ಮುದ್ರಣ ನಡೆಯುವಾಗ ಮಾತ್ರ ಅಂಕಿ ಮುಂದೆ ಸಾಗುತ್ತದೆ, ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಒಂದೇ ಕ್ಯಾಮೆರಾದ ಕೆಲಸಕ್ಕೆ ಇದು ಸೊಗಸು, ಹಲವು ಕ್ಯಾಮೆರಾಗಳ ಕೆಲಸಕ್ಕೆ ನಿರುಪಯೋಗಿ. ಫ್ರೀ ರನ್ ಇಟ್ಟರೆ ಮುದ್ರಣವಿರಲಿ ಇಲ್ಲದಿರಲಿ ಅಂಕಿ ಓಡುತ್ತಲೇ ಇರುತ್ತದೆ. ಎಲ್ಲ ಕ್ಯಾಮೆರಾಗಳನ್ನೂ ಫ್ರೀ ರನ್‌ಗೆ ತಂದು, ಒಂದರ ಅಂಕಿಯನ್ನು ತಂತಿಯ ಮೂಲಕವೋ ಚಿಕ್ಕ ಟೈಮ್‌ಕೋಡ್ ಪೆಟ್ಟಿಗೆಯ ಮೂಲಕವೋ ಉಳಿದವಕ್ಕೆ ದಾಟಿಸುವುದಕ್ಕೆ ಜ್ಯಾಮ್ ಮಾಡುವುದು ಎನ್ನುತ್ತಾರೆ. ಮೆನುವಿನಲ್ಲಿ ಕೈಯಿಂದ ಗಂಟೆ ಹೊಂದಿಸಿ ಒಟ್ಟಿಗೆ ಬಟನ್ ಒತ್ತುವುದು ಕೂಡ ರೂಢಿಯಲ್ಲಿದೆ. ಇದರಿಂದ ಫ್ರೇಮಿನ ನಿಖರತೆ ಸಿಗುವುದಿಲ್ಲ, ಆದರೆ ಹುಡುಕಾಟವನ್ನು ಒಂದೆರಡು ಸೆಕೆಂಡಿನೊಳಕ್ಕೆ ಇಳಿಸುವುದರಿಂದ ಅದೂ ವ್ಯರ್ಥವಲ್ಲ.

ಯಕ್ಷಗಾನದ ಆಟಕ್ಕೇ ವಿಶೇಷವಾದ ಒಂದು ತೊಡಕೆಂದರೆ ನಡುರಾತ್ರಿ. ಟೈಮ್‌ಕೋಡ್ 23:59:59:24ರ ಮುಂದಿನ ಫ್ರೇಮಿಗೆ 00:00:00:00 ಆಗುತ್ತದೆ. ಹೀಗಾಗಿ ರಾತ್ರಿ ಹನ್ನೆರಡರ ನಂತರ ತೆಗೆದ ಕ್ಲಿಪ್ಪುಗಳು ಸಂಜೆಯ ಕ್ಲಿಪ್ಪುಗಳಿಗಿಂತ ಮುಂಚಿನವು ಎಂದು ತಂತ್ರಾಂಶ ತಿಳಿದು, ಕಾಳಗದ ದೃಶ್ಯವನ್ನು ಒಡ್ಡೋಲಗಕ್ಕಿಂತ ಮೊದಲು ತಂದಿಡಬಹುದು. ಒಂದು ದಿನಕ್ಕೆ 21,60,000 ಫ್ರೇಮುಗಳಾದ್ದರಿಂದ, ನಡುರಾತ್ರಿಯ ನಂತರದ ಎಲ್ಲ ಸಂಖ್ಯೆಗಳಿಗೂ ಅಷ್ಟನ್ನು ಕೂಡಿಸಿ ಲೆಕ್ಕ ಹಾಕಿದರೆ ಸರಿಯಾಗುತ್ತದೆ. ಇದಕ್ಕಿಂತಲೂ ಜಾಣತನವೆಂದರೆ ನಿಜವಾದ ಗಂಟೆಯ ಹಂಗನ್ನು ತೊರೆದು, ಆಟ ಶುರುವಾಗುವಾಗ ಎಲ್ಲ ಯಂತ್ರಗಳನ್ನೂ 01:00:00:00ರಿಂದ ಹೊರಡಿಸುವುದು; ಬೆಳಗಿನ ಮಂಗಳದವರೆಗೂ ಅಂಕಿ ಒಂದೇ ದಿಕ್ಕಿಗೆ ಏರುತ್ತದೆ. ಸೊನ್ನೆ ಗಂಟೆಯ ಬದಲು ಒಂದು ಗಂಟೆಯಿಂದ ಹೊರಡಿಸುವುದಕ್ಕೂ ಕಾರಣವಿದೆ. ಆರಂಭದ ಗುರುತಿಗಿಂತ ಕೆಲವು ಕ್ಷಣ ಮೊದಲೇ ಯಾರಾದರೂ ಮುದ್ರಿಸಲು ತೊಡಗಿದ್ದರೆ ಅದು ಹಿಂದಿನ ದಿನದ 23 ಗಂಟೆಗೆ ಜಾರಿಬಿಡದೆ 00:59ರಲ್ಲಿ ಉಳಿಯುತ್ತದೆ.

ಫ್ರೇಮ್ ಸಂಖ್ಯೆಯನ್ನೂ ಟೈಮ್‌ಕೋಡನ್ನೂ ಒಂದಕ್ಕೊಂದು ಸಾಕ್ಷಿಯಾಗಿ ನಿಲ್ಲಿಸುವ ಒಂದು ಪರೀಕ್ಷೆ ಬಹಳ ಉಪಯುಕ್ತವಾದರೂ ಅದನ್ನು ಮಾಡುವವರು ಕಡಿಮೆ. ಹಲವು ಕ್ಯಾಮೆರಾಗಳು ಉದ್ದದ ಮುದ್ರಣವನ್ನು 4 ಜಿಬಿಯ ತುಂಡುಗಳಾಗಿ ಒಡೆಯುತ್ತವೆ. ಒಂದನೆಯ ತುಂಡಿನ ಆರಂಭದ ಟೈಮ್‌ಕೋಡನ್ನು ಫ್ರೇಮಿಗೆ ಇಳಿಸಿ, ಅದಕ್ಕೆ ಆ ತುಂಡಿನಲ್ಲಿರುವ ಒಟ್ಟು ಫ್ರೇಮುಗಳನ್ನು ಕೂಡಿಸಿದರೆ ಬರುವುದು ಎರಡನೆಯ ತುಂಡಿನ ಆರಂಭವಾಗಿರಬೇಕು. ಫ್ರೀ ರನ್‌ನಲ್ಲಿ ತೆಗೆದ ತುಂಡುಗಳಲ್ಲಿ ಎರಡು ಸಂಖ್ಯೆಗಳು ಕೂಡದಿದ್ದರೆ ನಡುವೆ ಕೆಲವು ಫ್ರೇಮುಗಳು ಮುದ್ರಣವಾಗದೆ ಹೋಗಿವೆ ಎಂದರ್ಥ, ಮತ್ತು ಎಷ್ಟು ಹೋಗಿವೆ ಎಂಬುದನ್ನೂ ಆ ವ್ಯತ್ಯಾಸವೇ ಹೇಳುತ್ತದೆ. ತುಂಡುಗಳನ್ನು ಕಣ್ಣುಮುಚ್ಚಿ ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿದವರಿಗೆ ಎರಡನೆಯ ತುಂಡಿನಿಂದಾಚೆಗೆ ತಾಳವೂ ಹೆಜ್ಜೆಯೂ ಬೇರೆ ಬೇರೆಯಾಗಿ ಕಾಣುವುದು ಇದೇ ಕಾರಣಕ್ಕೆ. ಕೊನೆಯ ಫ್ರೇಮಿನ ವಿಷಯದಲ್ಲೂ ಎಚ್ಚರ ಬೇಕು. ಸಂಕಲನದ ಪಟ್ಟಿಗಳಲ್ಲಿ, ಉದಾಹರಣೆಗೆ ಸಿಎಂಎಕ್ಸ್ 3600 ಮಾದರಿಯ ಇಡಿಎಲ್‌ನಲ್ಲಿ, ಔಟ್ ಎಂದು ಬರೆದ ಟೈಮ್‌ಕೋಡ್ ಕ್ಲಿಪ್ಪಿನ ಕೊನೆಯ ಫ್ರೇಮನ್ನು ಹೇಳುವುದಿಲ್ಲ, ಅದರ ಮುಂದಿನದನ್ನು ಹೇಳುತ್ತದೆ. ಆದ್ದರಿಂದಲೇ ಔಟ್‌ನಿಂದ ಇನ್ ಅನ್ನು, ಅಂದರೆ ಆರಂಭದ ಟೈಮ್‌ಕೋಡನ್ನು, ಕಳೆದರೆ ನೇರವಾಗಿ ಉದ್ದ ಸಿಗುತ್ತದೆ, ಒಂದನ್ನು ಕೂಡಿಸುವ ಗೋಜಿಲ್ಲ.

ಧ್ವನಿಯ ಕಡೆ ಲೆಕ್ಕ ಇನ್ನೂ ಸೂಕ್ಷ್ಮ. ವೃತ್ತಿಪರ ರೆಕಾರ್ಡರ್‌ಗಳು ಬಳಸುವ ಬ್ರಾಡ್‌ಕಾಸ್ಟ್ ವೇವ್ ಫೈಲಿನೊಳಗೆ ಆರಂಭದ ಸಮಯ ಟೈಮ್‌ಕೋಡ್ ರೂಪದಲ್ಲಿ ಇರುವುದಿಲ್ಲ. ನಡುರಾತ್ರಿಯಿಂದ ಎಷ್ಟು ಸ್ಯಾಂಪಲ್‌ಗಳು, ಅಂದರೆ ಧ್ವನಿಯ ಅಲೆಯನ್ನು ಅಳೆದಿಟ್ಟ ಬಿಂದುಗಳು, ಕಳೆದಿವೆ ಎಂಬ ಒಂದೇ ಸಂಖ್ಯೆ ಇರುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳಾದರೆ 25ರ ವೇಗದಲ್ಲಿ ಒಂದು ಫ್ರೇಮಿಗೆ ಸರಿಯಾಗಿ 1,920 ಸ್ಯಾಂಪಲ್‌ಗಳು. ನಮ್ಮ ರೆಕಾರ್ಡರ್‌ನ ಫೈಲಿನಲ್ಲಿ 371 ಕೋಟಿ 51 ಲಕ್ಷ 28 ಸಾವಿರ ಎಂಬ ಸಂಖ್ಯೆಯಿದ್ದರೆ, 1,920ರಿಂದ ಭಾಗಿಸಿದಾಗ 19,34,962.5 ಬರುತ್ತದೆ. ಅಂದರೆ ಧ್ವನಿ ಒಂದು ಫ್ರೇಮಿನ ನಟ್ಟನಡುವೆ ಶುರುವಾಗಿದೆ, ಮತ್ತು ಮೊದಲ ಕ್ಯಾಮೆರಾ ಅದಕ್ಕಿಂತ 347.5 ಫ್ರೇಮು, ಅಂದರೆ 13.9 ಸೆಕೆಂಡು ತಡವಾಗಿ ಹೊರಟಿದೆ. ಟೈಮ್‌ಕೋಡಿನ ಕಣ್ಣಿಗೆ ಈ ಅರ್ಧ ಫ್ರೇಮ್ ಕಾಣುವುದೇ ಇಲ್ಲ. ಧ್ವನಿಯ ಕ್ಲಿಪ್ಪನ್ನು ಪೂರ್ಣ ಫ್ರೇಮಿಗೆ ಮಾತ್ರ ಕೂರಿಸುವ ಟೈಮ್‌ಲೈನಿನಲ್ಲಿ ಈ 20 ಮಿಲಿಸೆಕೆಂಡಿನಷ್ಟು ವ್ಯತ್ಯಾಸ ಹಾಗೆಯೇ ಉಳಿದುಬಿಡುತ್ತದೆ. ಮಾತಿಗೆ ಅದು ತೊಂದರೆಯಿಲ್ಲ, ಆದರೆ ಎರಡು ಮೈಕುಗಳ ಚೆಂಡೆಯ ಧ್ವನಿಯನ್ನು ಬೆರೆಸುವಾಗ ಒಂದೇ ಪೆಟ್ಟು ಎರಡಾಗಿ ಕೇಳಿಸಬಹುದು.

ಈ ಹೆಸರಿಡುವ ಪದ್ಧತಿ ವೀಡಿಯೊ ಟೇಪಿನ ಅಗತ್ಯದಿಂದ ಬಂದದ್ದು. 35 ಎಂಎಂ ಫಿಲ್ಮಿನಲ್ಲಿ ಪ್ರತಿ ಅಡಿಗೆ 16 ಚೌಕಟ್ಟುಗಳು ಕಣ್ಣಿಗೇ ಕಾಣುತ್ತಿದ್ದವು, ಅಂಚಿನಲ್ಲಿ ಅಡಿಗೊಂದು ಸಂಖ್ಯೆ ಅಚ್ಚಾಗಿರುತ್ತಿತ್ತು. ಟೇಪನ್ನು ಬೆಳಕಿಗೆ ಹಿಡಿದರೆ ಏನೂ ಕಾಣದು. ಅಮೆರಿಕದ ಚಲನಚಿತ್ರ ಮತ್ತು ಟೆಲಿವಿಷನ್ ಎಂಜಿನಿಯರುಗಳ ಸಂಘವಾದ ಎಸ್‌ಎಂಪಿಟಿಇ 1970ರ ದಶಕದಲ್ಲಿ ಪ್ರಮಾಣೀಕರಿಸಿದ ಟೈಮ್‌ಕೋಡ್ ಈ ಕೊರತೆಯನ್ನು ತುಂಬಿತು. ಪ್ರತಿ ಫ್ರೇಮಿಗೆ 80 ಬಿಟ್‌ಗಳು. ಅವುಗಳಲ್ಲಿ 26 ಅಂಕಿಗಳಿಗೆ, 32 ಬಳಸುವವರು ತಮಗೆ ಬೇಕಾದ್ದನ್ನು ಬರೆದುಕೊಳ್ಳಲು, 16 ಫ್ರೇಮಿನ ಕೊನೆಯನ್ನು ಗುರುತಿಸಲು, ಉಳಿದವು ಚಿಕ್ಕ ಸೂಚನೆಗಳಿಗೆ. ಎಲ್‌ಟಿಸಿ ಎಂಬ ಇದರ ರೂಪ ಕಿವಿಗೆ ಕರ್ಕಶವಾಗಿ ಕೇಳಿಸುವ ಧ್ವನಿಯ ಸಂಕೇತವಾಗಿರುವುದರಿಂದ, ಟೈಮ್‌ಕೋಡ್‌ಗೆ ಪ್ರತ್ಯೇಕ ತೂತಿಲ್ಲದ ಅಗ್ಗದ ಕ್ಯಾಮೆರಾದ ಮೈಕ್ ದಾರಿಯಲ್ಲೂ ಅದನ್ನು ತೂರಿಸಬಹುದು. ಆಗ ಆ ಕ್ಯಾಮೆರಾದ ಒಂದು ಧ್ವನಿಪಥ ಹಾಳಾಗುತ್ತದೆ, ಆದರೆ ಸಂಕಲನದ ತಂತ್ರಾಂಶ ಆ ಕರ್ಕಶ ಧ್ವನಿಯನ್ನು ಓದಿ ಅಂಕಿಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಬಾಡಿಗೆ ಕ್ಯಾಮೆರಾಗಳಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂದೇ ನನ್ನ ಅಭಿಪ್ರಾಯ.

ಇಲ್ಲಿಯವರೆಗಿನ ಲೆಕ್ಕ ಸರಳವಾಗಿದ್ದುದು 25 ಎಂಬುದು ಪೂರ್ಣಾಂಕವಾದ್ದರಿಂದ. ಅಮೆರಿಕದಲ್ಲಿರುವ ಕನ್ನಡ ಕೂಟದವರು ತಮ್ಮ ಕಾರ್ಯಕ್ರಮದ ದೃಶ್ಯಗಳನ್ನು ಇಲ್ಲಿಗೆ ಸಂಕಲನಕ್ಕೆ ಕಳುಹಿಸಿದರೆ ಅದರಲ್ಲಿ ಸೆಕೆಂಡಿಗೆ 29.97 ಫ್ರೇಮುಗಳಿರುವುದೇ ಹೆಚ್ಚು. ಅಲ್ಲಿ ಮೊದಲು 30 ಇತ್ತು. 1953ರಲ್ಲಿ ಬಣ್ಣದ ಟೆಲಿವಿಷನ್ ಪದ್ಧತಿ ಬಂದಾಗ, ಬಣ್ಣವನ್ನು ಹೊರುವ ಅಲೆಯೂ ಧ್ವನಿಯನ್ನು ಹೊರುವ ಅಲೆಯೂ ಒಂದಕ್ಕೊಂದು ತಾಕಿ ಪರದೆಯ ಮೇಲೆ ಗೆರೆಗಳು ಮೂಡದಿರಲೆಂದು ವೇಗವನ್ನು ಸಾವಿರಕ್ಕೆ ಒಂದರಷ್ಟು ತಗ್ಗಿಸಿದರು. ಖಚಿತವಾಗಿ ಹೇಳಬೇಕೆಂದರೆ ಅದು 30,000ವನ್ನು 1,001ರಿಂದ ಭಾಗಿಸಿದಾಗ ಬರುವ ಸಂಖ್ಯೆ. ಎಣಿಕೆ ಮಾತ್ರ 30ರದೇ ಉಳಿಯಿತು, ಏಕೆಂದರೆ ಒಂದು ಸೆಕೆಂಡಿನ ಹೆಸರಿನೊಳಗೆ ಮುರುಕು ಫ್ರೇಮ್ ಇರಲು ಸಾಧ್ಯವಿಲ್ಲ. ಪರಿಣಾಮವಾಗಿ ಟೈಮ್‌ಕೋಡಿನಲ್ಲಿ ಒಂದು ಗಂಟೆ ತುಂಬುವಷ್ಟರಲ್ಲಿ ಗಡಿಯಾರದಲ್ಲಿ ಒಂದು ಗಂಟೆಯ ಮೇಲೆ 3.6 ಸೆಕೆಂಡು ಕಳೆದಿರುತ್ತದೆ. ಜಾಹೀರಾತನ್ನು ಸೆಕೆಂಡಿನ ಲೆಕ್ಕದಲ್ಲಿ ಮಾರುವ ಟೆಲಿವಿಷನ್ ಕೇಂದ್ರಗಳಿಗೆ ಇದು ಸಹಿಸಲಾಗದ ವ್ಯತ್ಯಾಸ.

ಅದಕ್ಕೆ ಕಂಡುಕೊಂಡ ಪರಿಹಾರವೇ ಡ್ರಾಪ್ ಫ್ರೇಮ್. ಈ ಹೆಸರು ಕೇಳಿದವರು ಚಿತ್ರಗಳನ್ನೇ ಎಸೆಯುತ್ತಾರೆಂದು ಗಾಬರಿಪಡುತ್ತಾರೆ. ಪಂಚಾಂಗದಲ್ಲಿ ಕ್ಷಯತಿಥಿ ಬಂದಾಗ ಇಂದು ಪಂಚಮಿಯಾದರೆ ನಾಳೆ ಸಪ್ತಮಿ ಎಂದಾಗುತ್ತದೆ; ನಡುವೆ ಹಗಲೊಂದು ಕಳೆದುಹೋಗಿರುವುದಿಲ್ಲ, ಎಣಿಕೆಯ ಹೆಸರು ಮಾತ್ರ ಒಂದು ಮೆಟ್ಟಿಲು ಹಾರಿರುತ್ತದೆ. ಡ್ರಾಪ್ ಫ್ರೇಮ್‌ನಲ್ಲಿ ನಡೆಯುವುದೂ ಅಷ್ಟೇ. ಪ್ರತಿ ನಿಮಿಷದ ಆರಂಭದಲ್ಲಿ 00 ಮತ್ತು 01 ಎಂಬ ಎರಡು ಹೆಸರುಗಳನ್ನು ಬಿಟ್ಟು, 00:00:59;29ರ ಮುಂದಿನ ಫ್ರೇಮನ್ನು 00:01:00;02 ಎಂದು ಕರೆಯುತ್ತಾರೆ. ಹತ್ತು, ಇಪ್ಪತ್ತು, ಮೂವತ್ತು ಹೀಗೆ ಹತ್ತರ ನಿಮಿಷಗಳಲ್ಲಿ ಮತ್ತು ಗಂಟೆಯ ಆರಂಭದಲ್ಲಿ ಮಾತ್ರ ಬಿಡುವುದಿಲ್ಲ. ಹೀಗೆ ಗಂಟೆಗೆ 54 ಸಲ ಎರಡೆರಡರಂತೆ 108 ಹೆಸರುಗಳು ಹಾರುತ್ತವೆ, ಗಡಿಯಾರದೊಂದಿಗಿನ 3.6 ಸೆಕೆಂಡಿನ ವ್ಯತ್ಯಾಸ ತುಂಬಿಹೋಗುತ್ತದೆ. ಸೆಕೆಂಡಿಗೂ ಫ್ರೇಮಿಗೂ ನಡುವೆ ಎರಡು ಚುಕ್ಕೆಯ ಬದಲು ಅರ್ಧವಿರಾಮ ಕಂಡರೆ ಅದು ಡ್ರಾಪ್ ಫ್ರೇಮ್ ಎಂಬ ಗುರುತು.

ಇಂಥ ಟೈಮ್‌ಕೋಡನ್ನು ಎಣಿಕೆಗೆ ಇಳಿಸುವಾಗ ಮೊದಲು 30ರ ಲೆಕ್ಕದಲ್ಲಿ ಗುಣಿಸಿ, ಆಮೇಲೆ ಒಟ್ಟು ನಿಮಿಷಗಳಿಂದ ಹತ್ತರ ನಿಮಿಷಗಳನ್ನು ತೆಗೆದು ಉಳಿದುದರ ಎರಡರಷ್ಟನ್ನು ಕಳೆಯಬೇಕು. 01:00:00;00ಕ್ಕೆ 1,08,000ದಿಂದ 108 ಕಳೆದು 1,07,892. ಅದೇ ಹೆಸರು ಡ್ರಾಪ್ ಇಲ್ಲದ ಪದ್ಧತಿಯಲ್ಲಿದ್ದರೆ 1,08,000. ಒಂದೇ ರೀತಿ ಓದಿಸಿಕೊಳ್ಳುವ ಎರಡು ಹೆಸರುಗಳು 108 ಫ್ರೇಮುಗಳಷ್ಟು ದೂರದಲ್ಲಿವೆ. ಬೇರೆ ಬೇರೆ ವೇಗದ ಕ್ಲಿಪ್ಪುಗಳ ಫ್ರೇಮ್ ಸಂಖ್ಯೆಗಳನ್ನು ನೇರವಾಗಿ ಹೋಲಿಸುವುದೂ ತಪ್ಪು. ಅವುಗಳನ್ನು ನಿಜವಾದ ಸೆಕೆಂಡಿಗೆ ತರಬೇಕು. 1,07,892ನ್ನು 1,001ರಿಂದ ಗುಣಿಸಿ 30,000ದಿಂದ ಭಾಗಿಸಿದರೆ 3599.9964 ಸೆಕೆಂಡು, ಅಂದರೆ ಗಂಟೆಗೆ 3.6 ಮಿಲಿಸೆಕೆಂಡಿನಷ್ಟೇ ಕೊರತೆ. ಈ ಗುಣಾಕಾರವನ್ನು 29.97 ಎಂಬ ಕತ್ತರಿಸಿದ ಸಂಖ್ಯೆಯಿಂದ ಮಾಡದೆ ಭಿನ್ನರಾಶಿಯಿಂದಲೇ ಮಾಡುವುದು ಒಳ್ಳೆಯದು.

ಇಷ್ಟೆಲ್ಲ ಸರಿಯಾಗಿದ್ದೂ ಆರಂಭದಲ್ಲಿ ಕೂಡಿಕೊಂಡ ಕ್ಲಿಪ್ಪುಗಳು ಕೊನೆಯಲ್ಲಿ ಬೇರೆಯಾಗುವುದುಂಟು. ಟೈಮ್‌ಕೋಡ್ ಹೇಳುವುದು ಎಲ್ಲಿ ಸೇರಿಸಬೇಕೆಂದು ಮಾತ್ರ. ಸೇರಿದವು ಜೊತೆಯಾಗಿ ಉಳಿಯುವುದು ಪ್ರತಿ ಯಂತ್ರದೊಳಗೆ ಗಡಿಯಾರದಂತೆ ವೇಗವನ್ನು ಕಾಯುವ ಸ್ಫಟಿಕದ ನಿಯತ್ತಿಗೆ ಬಿಟ್ಟದ್ದು. ಎರಡು ಯಂತ್ರಗಳ ನಡುವೆ ಹತ್ತು ಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸವಿದ್ದರೆ ಗಂಟೆಗೆ 36 ಮಿಲಿಸೆಕೆಂಡು, ಎಂಟು ಗಂಟೆಗಳ ಆಟಕ್ಕೆ 288 ಮಿಲಿಸೆಕೆಂಡು, ಅಂದರೆ ಏಳು ಫ್ರೇಮುಗಳಿಗಿಂತ ಹೆಚ್ಚು. ಆದ್ದರಿಂದ ಬ್ಯಾಟರಿ ಬದಲಿಸಿದಾಗೆಲ್ಲ ಮತ್ತೆ ಜ್ಯಾಮ್ ಮಾಡುವುದು ವಾಡಿಕೆ. ತಡೆಯಿಲ್ಲದ ಉದ್ದದ ಕ್ಲಿಪ್ಪಿನಲ್ಲಿ ಕಂಡುಹಿಡಿಯುವ ದಾರಿಯೆಂದರೆ, ಚೆಂಡೆಯ ಒಂದು ಸ್ಪಷ್ಟ ಪೆಟ್ಟನ್ನು ಕ್ಲಿಪ್ಪಿನ ಮೊದಲಲ್ಲೂ ಇನ್ನೊಂದನ್ನು ಕೊನೆಯಲ್ಲೂ ಆರಿಸಿ, ಎರಡೂ ಕಡೆ ಎಷ್ಟು ಫ್ರೇಮಿನ ಅಂತರವಿದೆ ಎಂದು ಅಳೆಯುವುದು. ಅಂತರ ಎರಡೂ ಕಡೆ ಒಂದೇ ಆಗಿದ್ದರೆ ಕ್ಲಿಪ್ಪನ್ನು ಅಷ್ಟು ಸರಿಸಿದರೆ ಮುಗಿಯಿತು. ಬೆಳೆಯುತ್ತಿದ್ದರೆ ಸರಿಸುವುದರಿಂದ ಪ್ರಯೋಜನವಿಲ್ಲ. ಧ್ವನಿಯ ಉದ್ದವನ್ನೇ ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ಒಂದೂವರೆ ಗಂಟೆಯಲ್ಲಿ ಮೂರು ಫ್ರೇಮು ಜಾರಿದ್ದರೆ ಹತ್ತು ಲಕ್ಷಕ್ಕೆ ಸುಮಾರು 22ರ ತಿದ್ದುಪಡಿ, ಕಿವಿಗೆ ಅದು ತಿಳಿಯುವುದಿಲ್ಲ. ಜಾರುವಿಕೆ ಸಾವಿರಕ್ಕೆ ಒಂದರಷ್ಟಿದ್ದರೆ ಮಾತ್ರ ಸ್ಫಟಿಕವನ್ನು ದೂರಬಾರದು. ಅದು 24 ಎಂದು ತಿಳಿದ ಕ್ಲಿಪ್ 23.976 ಆಗಿರುವುದರ, ಅಥವಾ 30 ಎಂದುಕೊಂಡದ್ದು 29.97 ಆಗಿರುವುದರ ಲಕ್ಷಣ. ಕ್ಲಿಪ್ಪಿನ ವೇಗವನ್ನು ಸರಿಯಾಗಿ ನಮೂದಿಸಿದರೆ ತಾನೇ ನೆಟ್ಟಗಾಗುತ್ತದೆ.

ಮೊಬೈಲ್ ಫೋನಿನ ದೃಶ್ಯಗಳಿಗೆ ಈ ಲೆಕ್ಕಗಳು ಯಾವುವೂ ನೇರವಾಗಿ ಅನ್ವಯಿಸುವುದಿಲ್ಲ. ಬೆಳಕು ಕಡಿಮೆಯಾದಾಗ ಅಥವಾ ಫೋನ್ ಕಾದಾಗ ಅದು ಫ್ರೇಮುಗಳ ನಡುವಿನ ಅಂತರವನ್ನು ತಾನೇ ಹೆಚ್ಚುಕಡಿಮೆ ಮಾಡುತ್ತದೆ. ಆಗ ಸಾವಿರನೆಯ ಫ್ರೇಮ್ ಯಾವ ಸೆಕೆಂಡಿನಲ್ಲಿದೆ ಎಂಬುದನ್ನು ಗುಣಾಕಾರದಿಂದ ಹೇಳಲಾಗದು, ಫೈಲಿನೊಳಗೆ ಪ್ರತಿ ಫ್ರೇಮಿಗೂ ಬರೆದಿಟ್ಟ ಸಮಯವನ್ನೇ ಓದಬೇಕು. ಇಂಥ ಫೈಲುಗಳನ್ನು ಎಫ್‌ಎಫ್‌ಎಂಪೆಗ್ ಅಥವಾ ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಿಂದ ಮೊದಲು ಸ್ಥಿರ ವೇಗಕ್ಕೆ ಪರಿವರ್ತಿಸಿಕೊಂಡು ಆಮೇಲೆ ಟೈಮ್‌ಲೈನಿಗೆ ತರುವುದೇ ಕ್ಷೇಮ.

ಟೈಮ್‌ಕೋಡ್ ಇಲ್ಲದಿದ್ದರೇನಂತೆ, ಧ್ವನಿಯ ಅಲೆಗಳನ್ನು ಹೋಲಿಸಿ ತಂತ್ರಾಂಶವೇ ಕ್ಲಿಪ್ಪುಗಳನ್ನು ಹೊಂದಿಸುತ್ತದಲ್ಲ ಎಂದು ಕೇಳಬಹುದು. ಹೊಂದಿಸುತ್ತದೆ, ಮತ್ತು ಹೆಚ್ಚಿನ ಸಲ ಚೆನ್ನಾಗಿಯೇ ಹೊಂದಿಸುತ್ತದೆ. ಆದರೆ ಶಬ್ದ ಒಂದು ಫ್ರೇಮಿನ 40 ಮಿಲಿಸೆಕೆಂಡಿನಲ್ಲಿ ಸಾಗುವುದು ಸುಮಾರು 14 ಮೀಟರ್ ಮಾತ್ರ. ಬಯಲಿನಲ್ಲಿ ಪ್ರೇಕ್ಷಕರ ಹಿಂದೆ 28 ಮೀಟರ್ ದೂರದಲ್ಲಿ ನಿಂತ ಕ್ಯಾಮೆರಾಕ್ಕೆ ಚೆಂಡೆಯ ಕೋಲು ಬಿದ್ದದ್ದು ಆ ಕ್ಷಣವೇ ಕಾಣುತ್ತದೆ, ಪೆಟ್ಟು ಮಾತ್ರ ಎರಡು ಫ್ರೇಮು ತಡವಾಗಿ ಕೇಳಿಸುತ್ತದೆ. ತಂತ್ರಾಂಶ ಆ ತಡವಾದ ಪೆಟ್ಟನ್ನು ಚೆಂಡೆಯ ಪಕ್ಕದ ಮೈಕಿನ ಪೆಟ್ಟಿಗೆ ಕೂಡಿಸಲು ಇಡೀ ಕ್ಲಿಪ್ಪನ್ನು ಎರಡು ಫ್ರೇಮು ಹಿಂದಕ್ಕೆ ಎಳೆಯುವುದರಿಂದ, ಅಲೆಗಳು ಹೊಂದಿದರೂ ಕೋಲು ಮೊದಲು ಬಿದ್ದು ಶಬ್ದ ಆಮೇಲೆ ಬರುವಂತಾಗುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ 1359 ಶಿಫಾರಸಿನ ಪ್ರಕಾರ ಧ್ವನಿ 45 ಮಿಲಿಸೆಕೆಂಡು ಮುಂದಾದಾಗ ಅಥವಾ 125 ಮಿಲಿಸೆಕೆಂಡು ಹಿಂದಾದಾಗ ನೋಡುಗರಿಗೆ ವ್ಯತ್ಯಾಸ ತಿಳಿಯತೊಡಗುತ್ತದೆ. ಆ ಲೆಕ್ಕಕ್ಕೆ 80 ಮಿಲಿಸೆಕೆಂಡಿನ ಹಿಂಜರಿತ ಮಿತಿಯೊಳಗೇ ಇದೆ. ಆದರೆ ಹತ್ತಿರದ ಕ್ಯಾಮೆರಾದಿಂದ ದೂರದ ಕ್ಯಾಮೆರಾಕ್ಕೆ ಕತ್ತರಿಸಿದಾಗ ಒಂದರಲ್ಲಿ ಸರಿಯಾಗಿದ್ದ ಹೆಜ್ಜೆ ಇನ್ನೊಂದರಲ್ಲಿ ತಾಳಕ್ಕಿಂತ ಮುಂಚೆ ಬೀಳುವುದನ್ನು ಕುಣಿತ ಬಲ್ಲವರ ಕಣ್ಣು ಬಿಡುವುದಿಲ್ಲ. ಟೈಮ್‌ಕೋಡ್ ಇದ್ದರೆ ಅಲೆಗಳ ಮಾತನ್ನು ಬದಿಗಿಟ್ಟು ಅದನ್ನೇ ನಂಬಬೇಕು. ಇಲ್ಲದಿದ್ದರೆ ಅಲೆಗಳಿಂದ ಹೊಂದಿಸಿದ ಮೇಲೆ ದೂರವನ್ನು 14ರಿಂದ ಭಾಗಿಸಿ, ಬಂದಷ್ಟು ಫ್ರೇಮು ಆ ಕ್ಯಾಮೆರಾದ ಚಿತ್ರವನ್ನು ಮುಂದಕ್ಕೆ ತಳ್ಳಿ, ಅದರ ಸ್ವಂತ ಧ್ವನಿಯನ್ನು ಮುಚ್ಚಿಬಿಡಬೇಕು.